ಎತ್ತಂಗಡಿ ನ್ಯಾಯ ಸಾಕು

ಅಧಿಕಾರಿಯೊಬ್ಬರು ಜಾತಿ ನೋಡಿ, ಧರ್ಮ ನೋಡಿ ನಡೆದುಕೊಂಡರು ಎಂಬ ದೂರು ಎದ್ದಾಗಲೆಲ್ಲ ನಮ್ಮಲ್ಲಿ ನಡೆಯುವುದು ಒಂದೇ ಬಗೆ. ಠಾಣೆಯ ಮುಂದೆ ಧರಣಿ, ರಸ್ತೆ ತಡೆ, ತಹಶೀಲ್ದಾರರ ಮೂಲಕ ಸರ್ಕಾರಕ್ಕೆ ಮನವಿ. ಮರುದಿನ ಎದುರು ಬಣದವರು ಅದೇ ಅಧಿಕಾರಿಯ ಪರವಾಗಿ ಇನ್ನೊಂದು ಮೆರವಣಿಗೆ ತೆಗೆಯುತ್ತಾರೆ. ವಾರದೊಳಗೆ ವರ್ಗಾವಣೆಯ ಆದೇಶವೋ ಅಮಾನತಿನ ಆದೇಶವೋ ಹೊರಬೀಳುತ್ತದೆ, ಶಾಮಿಯಾನ ಬಿಚ್ಚುತ್ತಾರೆ, ಮಾತು ನಿಲ್ಲುತ್ತದೆ. ಆ ಅಧಿಕಾರಿ ನಿಜಕ್ಕೂ ಪಕ್ಷಪಾತ ಮಾಡಿದರೇ, ಇಲ್ಲವೇ? ಅದನ್ನು ಮಾತ್ರ ಯಾರೂ ಬರೆದು, ಸಹಿ ಹಾಕಿ, ಜನರ ಮುಂದೆ ಇಡುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿಯನ್ನೇ ತೆಗೆದುಕೊಳ್ಳಿ. 2024ರ ಮೇ 24ರ ರಾತ್ರಿ ಮಟ್ಕಾ ಆರೋಪದ ಮೇಲೆ ಮುಸ್ಲಿಂ ಯುವಕನೊಬ್ಬನನ್ನು ಪೊಲೀಸರು ಠಾಣೆಗೆ ಕರೆತಂದರು. ಸ್ವಲ್ಪ ಹೊತ್ತಿನಲ್ಲೇ ಆತ ಕುಸಿದು ಸತ್ತ. ಪೊಲೀಸರೇ ಕೊಂದರು ಎಂದು ಮನೆಯವರು ದೂರಿದರು. ಗುಂಪು ನುಗ್ಗಿ ಠಾಣೆಗೆ ಕಲ್ಲು ತೂರಿತು, ಪೊಲೀಸ್ ವಾಹನಗಳನ್ನು ಜಖಂಗೊಳಿಸಿತು, ಹಲವು ಸಿಬ್ಬಂದಿಗೆ ಗಾಯವಾಯಿತು. ಮರಣೋತ್ತರ ವರದಿ ಬರುವ ಮೊದಲೇ ಮುಖ್ಯಮಂತ್ರಿ ಸಿದ್ದರಾಮಯ್ಯ ಇದು ಲಾಕಪ್ ಡೆತ್ ಅಲ್ಲ ಎಂದರು. ಎಫ್‌ಐಆರ್ ಇಲ್ಲದೆ ಕರೆತಂದದ್ದು ತಪ್ಪು, ಅದಕ್ಕೇ ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಇಬ್ಬರನ್ನೂ ಅಮಾನತು ಮಾಡಿದ್ದೇವೆ ಎಂದೂ ಹೇಳಿದರು.

ಈ ಎರಡು ಮಾತನ್ನು ಒಟ್ಟಿಗೆ ಕೇಳಿದ ಊರಿನವರು ಏನೆಂದು ತಿಳಿಯಬೇಕಿತ್ತು? ಒಂದು ಬಣಕ್ಕೆ ಅಮಾನತು ತಪ್ಪೊಪ್ಪಿಗೆಯಂತೆ ಕಂಡಿತು. ಇನ್ನೊಂದು ಬಣ, ಏಟು ತಿಂದ ಪೊಲೀಸರಿಗೇ ಶಿಕ್ಷೆ, ಇದು ಓಲೈಕೆ ಎಂದಿತು. ಪೇಟೆಯಲ್ಲಿ, ಟಿ.ವಿ. ಚರ್ಚೆಯಲ್ಲಿ, ವಾಟ್ಸ್ಆಪ್ ಗುಂಪುಗಳಲ್ಲಿ ವಾದವೆಲ್ಲ ಹಿಂದೂ–ಮುಸ್ಲಿಂ ಎಂದೇ ಒಡೆದುಹೋಯಿತು. ಕೇಳಬೇಕಾಗಿದ್ದ ಪ್ರಶ್ನೆಗಳು ಬಹಳ ಸಣ್ಣವು. ಆತನನ್ನು ಎಷ್ಟು ಹೊತ್ತಿಗೆ ಕರೆತಂದರು, ಯಾವ ಡೈರಿಯಲ್ಲಿ ನಮೂದಿಸಿದರು, ಠಾಣೆಯ ಕ್ಯಾಮೆರಾದಲ್ಲಿ ಏನಿದೆ, ಆಸ್ಪತ್ರೆಗೆ ಒಯ್ದದ್ದು ಎಷ್ಟು ನಿಮಿಷದ ಮೇಲೆ? ಪೊಲೀಸ್ ವಶದಲ್ಲಿ ಸಾವಾದರೆ ನ್ಯಾಯಿಕ ಮ್ಯಾಜಿಸ್ಟ್ರೇಟರೇ ವಿಚಾರಣೆ ನಡೆಸಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಗೆ ತಂದ 2005ರ ತಿದ್ದುಪಡಿ ಆಗ ಹೇಳುತ್ತಿತ್ತು. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು ಹದಿನೆಂಟು ತಿಂಗಳು, ಕನಿಷ್ಠ ಒಂದು ವರ್ಷವಾದರೂ ಕಾಯ್ದಿಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದೇ ಆದೇಶಿಸಿದೆ. ಉತ್ತರ ಹುಡುಕುವ ದಾರಿ ಕಾನೂನಿನಲ್ಲೇ ಇತ್ತು. ಕಲ್ಲು ಹಿಡಿದವರೂ ಆ ದಾರಿಗೆ ಬರಲಿಲ್ಲ, ಓಲೈಕೆ ಎಂದವರೂ ಬರಲಿಲ್ಲ. ಠಾಣೆಗೆ ಕಲ್ಲು ಹೊಡೆದದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಹಾಗೆಂದು ಒಳಗೆ ನಡೆದದ್ದೇನೆಂಬ ಪ್ರಶ್ನೆ ಬಿದ್ದುಹೋಗುವುದಿಲ್ಲ.

ರಾಯಚೂರಿನ ಪ್ರಕರಣ ಇದಕ್ಕಿಂತ ದೊಡ್ಡದು. 2022ರ ಗಣರಾಜ್ಯೋತ್ಸವದ ದಿನ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಧ್ವಜಾರೋಹಣಕ್ಕೆ ಮೊದಲು ಅಂಬೇಡ್ಕರ್ ಭಾವಚಿತ್ರ ತೆಗೆಸಿದರೆಂಬ ಆರೋಪ ಜಿಲ್ಲಾ ನ್ಯಾಯಾಧೀಶ ಮಲ್ಲಿಕಾರ್ಜುನ ಗೌಡರ ಮೇಲೆ ಬಂತು. ಅವರು ನಿರಾಕರಿಸಿದರು. ರಾಜ್ಯದ ಉದ್ದಗಲಕ್ಕೂ ದಲಿತ ಸಂಘಟನೆಗಳು ಬೀದಿಗಿಳಿದವು, ಫೆಬ್ರವರಿ 19ರಂದು ಬೆಂಗಳೂರು ನೀಲಿ ಬಾವುಟಗಳಿಂದ ತುಂಬಿಹೋಯಿತು. ಈ ನಡುವೆ ಹೈಕೋರ್ಟು ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವ, ಸಂವಿಧಾನ ದಿನಗಳಂದು ನ್ಯಾಯಾಲಯಗಳಲ್ಲಿ ಅಂಬೇಡ್ಕರ್ ಭಾವಚಿತ್ರ ಇಡಲೇಬೇಕೆಂದು ಸುತ್ತೋಲೆ ಹೊರಡಿಸಿತು. ಆ ಚಳವಳಿಯ ನಿಜವಾದ ಗೆಲುವು ಅದು, ಬರಹದಲ್ಲಿ ಸಿಕ್ಕ ಗೆಲುವು. ನ್ಯಾಯಾಧೀಶರನ್ನು ಬೆಂಗಳೂರಿಗೆ ವರ್ಗ ಮಾಡಿದ್ದು ಗೆಲುವಲ್ಲ. ತಪ್ಪು ಮಾಡಿದ್ದರೆ ಅದು ಶಿಕ್ಷೆಯೇ ಅಲ್ಲ, ಮಾಡಿರದಿದ್ದರೆ ಅದು ಅವರಿಗಾದ ಅನ್ಯಾಯ.

ಅದೇ ನ್ಯಾಯಾಂಗದಲ್ಲಿ ಬೇರೆ ಬಗೆಯಲ್ಲಿ ಮುಗಿದ ಪ್ರಕರಣವೂ ಇದೆ. ಹೈಕೋರ್ಟ್ ನ್ಯಾಯಮೂರ್ತಿ ವಿ. ಶ್ರೀಶಾನಂದ ಅವರು 2024ರ ಆಗಸ್ಟ್‌ನಲ್ಲಿ ವಿಚಾರಣೆಯೊಂದರ ನಡುವೆ ಬೆಂಗಳೂರಿನ ಗೋರಿಪಾಳ್ಯವನ್ನು ಪಾಕಿಸ್ತಾನವೆಂದು ಕರೆದರು. ವಿಡಿಯೊ ಹರಿದಾಡಿತು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಶ್ರೀಶಾನಂದರು ತೆರೆದ ನ್ಯಾಯಾಲಯದಲ್ಲೇ ವಿಷಾದ ವ್ಯಕ್ತಪಡಿಸಿದರು. ಸೆಪ್ಟೆಂಬರ್ 25ರಂದು ಪೀಠ ಪ್ರಕರಣ ಮುಗಿಸಿತು, ಆದರೆ ಸುಮ್ಮನೆ ಮುಗಿಸಲಿಲ್ಲ. ಭಾರತದ ಯಾವ ಭಾಗವನ್ನೂ ಯಾರೂ ಪಾಕಿಸ್ತಾನ ಎನ್ನುವಂತಿಲ್ಲ, ನ್ಯಾಯಾಧೀಶರು ತಮ್ಮೊಳಗಿನ ಒಲವು–ಪೂರ್ವಗ್ರಹಗಳ ಬಗ್ಗೆ ಎಚ್ಚರದಿಂದಿರಬೇಕು ಎಂಬ ಅರ್ಥದ ಮಾತುಗಳನ್ನು ಹೇಳಿಯೇ ಮುಗಿಸಿತು. ಇನ್ನಷ್ಟು ಕಠಿಣ ಕ್ರಮ ಬೇಕಿತ್ತು ಎನ್ನುವವರಿದ್ದಾರೆ, ಇರಲಿ. ಆಡಿದ ಮಾತು ತಪ್ಪೆಂದು ದೇಶದ ಅತ್ಯುನ್ನತ ನ್ಯಾಯಾಲಯ ದಾಖಲೆಯಲ್ಲಿ ಹೇಳಿತು, ಅದೂ ಪ್ರಕರಣ ಕೈಗೆತ್ತಿಕೊಂಡ ಒಂದು ವಾರದೊಳಗೆ. ಗೋರಿಪಾಳ್ಯದ ಜನಕ್ಕೆ ಸಿಕ್ಕ ಈ ಒಂದು ಸಾಲು ಚನ್ನಗಿರಿಯ ಠಾಣೆಯ ಎರಡೂ ಕಡೆಯವರಿಗೆ ಸಿಗಬಾರದೇಕೆ?

ಎತ್ತಂಗಡಿಯ ಇನ್ನೊಂದು ಮುಖ ನಮ್ಮ ತಾಲ್ಲೂಕುಗಳವರಿಗೇ ಚೆನ್ನಾಗಿ ಗೊತ್ತು. 'ನೀರು–ನೆರಳಿಲ್ಲದ ಕಡೆ ಎತ್ತಾಕಿಸ್ತೀನಿ' ಎಂದು ರಾಜಕಾರಣಿಗಳು ಅಧಿಕಾರಿಗಳಿಗೆ ಗದರುವುದನ್ನು ಕೇಳದವರಿಲ್ಲ. ಆ ನೀರು–ನೆರಳಿಲ್ಲದ ಕಡೆ ಯಾವುದು? ಜಗಳೂರಿನಂಥ ತಾಲ್ಲೂಕೇ. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಚನ್ನಗಿರಿ, ಹೊನ್ನಾಳಿ, ಜಗಳೂರು ಮೂರನ್ನೂ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ನ್ಯಾಮತಿ ಆಗಿನ್ನೂ ಹೊನ್ನಾಳಿಯೊಳಗೇ ಇತ್ತು. ಜಗಳೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ, ಸುತ್ತ ತಾಂಡಾಗಳಿವೆ. ಒಂದು ಕಡೆ ಬಡವರನ್ನು ಅವಮಾನಿಸಿದ ಅಧಿಕಾರಿಯನ್ನು ಶಿಕ್ಷೆಯ ಹೆಸರಿನಲ್ಲಿ ಇಂಥ ಕಡೆಗೆ ಕಳಿಸಿದರೆ, ಆ ಶಿಕ್ಷೆ ಅನುಭವಿಸುವವರು ಯಾರು? ಅಲ್ಲಿ ನಾಯಕರ ಹಟ್ಟಿ, ಇಲ್ಲಿ ಲಂಬಾಣಿ ತಾಂಡಾ. ಅಧಿಕಾರಿಗೆ ಮೂಲೆಯ ಪೋಸ್ಟಿಂಗ್ ಅಷ್ಟೆ.

ಕಚೇರಿಗಳ ಪಕ್ಷಪಾತ ಬಹಳ ಸಲ ಸುದ್ದಿಯಾಗುವಷ್ಟು ದೊಡ್ಡದಿರುವುದಿಲ್ಲ ಎನ್ನುವುದೂ ನಿಜ. ನಮ್ಮ ಭಾಗದ ಒಂದು ನಾಡಕಚೇರಿಯಲ್ಲಿ ನಾನೇ ನಿಂತು ನೋಡಿದ್ದು: ಬಿಳಿ ಪಂಚೆಯ ಹಿರಿಯರೊಬ್ಬರು ಬಂದರೆ 'ಬರ್ರೀ ಗೌಡ್ರೇ, ಕೂತ್ಕೊಳ್ರಿ' ಎಂದು ಕುರ್ಚಿ ಎಳೆದ ಗುಮಾಸ್ತ, ಪಿಂಚಣಿಯ ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದ ತಾಂಡಾದ ಅಜ್ಜಿಗೆ ತಲೆ ಎತ್ತದೆ 'ಏಯ್, ಆ ಕಡೆ ನಿಲ್ಲು, ಯಾವ ತಾಂಡಾ ನಿಂದು' ಎಂದ. ಮಗನ ವಯಸ್ಸಿನವನು. ಕಾಗದವನ್ನು ಮುಟ್ಟಲೂ ಇಲ್ಲ, 'ಸರ್ವರ್ ಇಲ್ಲ, ನಾಳೆ ಬಾ' ಎಂದ. ಗೌಡರ ಪಹಣಿ ಮಾತ್ರ ಅದೇ ಸರ್ವರಿನಿಂದ ಅರ್ಧ ಗಂಟೆಯಲ್ಲಿ ಹೊರಬಂತು. ಇದಕ್ಕೆ ಯಾರ ಮೇಲೆ ದೂರು ಕೊಡುವುದು, ಏನೆಂದು ಕೊಡುವುದು? ಅಜ್ಜಿಯ ಕೈಯಲ್ಲಿ ಅರ್ಜಿ ಕೊಟ್ಟಿದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಅರ್ಜಿಗೆ ಸಂಖ್ಯೆ ಕೊಡಬೇಕು, ತಿರಸ್ಕರಿಸಿದರೆ ಕಾರಣ ಬರೆಯಬೇಕು, ತಡವಾದರೆ ದಿನಕ್ಕೆ ಇಪ್ಪತ್ತು ರೂಪಾಯಿ ಪರಿಹಾರ ಕೊಡಬೇಕು ಎನ್ನುವ ಸಕಾಲ ಕಾಯ್ದೆಯನ್ನು 2011ರಲ್ಲೇ ಮಾಡಿದ ರಾಜ್ಯ ಇದು. 'ನಾಳೆ ಬಾ' ಎನ್ನುವ ಬಾಯಿಮಾತಿಗೆ ಸಂಖ್ಯೆ ಇಲ್ಲ, ಆದ್ದರಿಂದ ಪಕ್ಷಪಾತ ಬಾಯಿಮಾತಿನಲ್ಲೇ ಬದುಕುತ್ತದೆ.

ಪರಿಶಿಷ್ಟ ಜಾತಿ, ಪಂಗಡಗಳ ವಿಷಯದಲ್ಲಿ ಕಾನೂನು ಹರಿತವಾಗಿಯೇ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮಿನ ಪ್ರಕಾರ, ದೂರನ್ನು ಓದಿ ಹೇಳದ, ಎಫ್‌ಐಆರ್ ದಾಖಲಿಸದ, ಅದರ ಪ್ರತಿ ಕೊಡದ, ಅರವತ್ತು ದಿನದೊಳಗೆ ಆರೋಪಪಟ್ಟಿ ಸಲ್ಲಿಸದೆ ಬೇಕೆಂದೇ ಕರ್ತವ್ಯ ಕಡೆಗಣಿಸಿದ, ಈ ಸಮುದಾಯಗಳಿಗೆ ಸೇರದ ಸರ್ಕಾರಿ ನೌಕರನಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು. ಆದರೆ ಅದೇ ಕಲಮಿನಲ್ಲಿ ಒಂದು ಬೀಗವಿದೆ: ಆಡಳಿತಾತ್ಮಕ ವಿಚಾರಣೆಯ ಶಿಫಾರಸು ಇದ್ದರೆ ಮಾತ್ರ ಆತನ ಮೇಲೆ ಆರೋಪ ಹೊರಿಸಬಹುದು. ಬೀಗದ ಕೈ ಇರುವುದು ಅದೇ ಆಡಳಿತದ ಕೈಯಲ್ಲಿ. ವರ್ಗಾವಣೆಯಾದ ಮೇಲೆ ಆ ವಿಚಾರಣೆಯನ್ನು ನೆನಪಿಸುವವರು ಯಾರೂ ಉಳಿಯುವುದಿಲ್ಲ. ಧರ್ಮದ ಕಾರಣಕ್ಕೆ ತಾರತಮ್ಯವಾಯಿತು ಎನ್ನುವವನಿಗಂತೂ ಇಂಥ ಕಲಮೂ ಇಲ್ಲ.

ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯ ಪ್ರಕರಣ ನೆನಪಿರಬಹುದು. 2021ರ ಮೇ ತಿಂಗಳಲ್ಲಿ ದಲಿತ ಯುವಕನಿಗೆ ಠಾಣೆಯಲ್ಲಿ ಹೊಡೆದು ಮೂತ್ರ ನೆಕ್ಕಿಸಿದರೆಂಬ ಆರೋಪ ಪಿಎಸ್‌ಐ ಮೇಲೆ ಬಂತು. ಅಮಾನತಾಯಿತು, ಸಿಐಡಿಗೆ ಹೋಯಿತು. ಬಂಧನವಾಗುವಾಗ ಸೆಪ್ಟೆಂಬರ್ ಬಂದಿತ್ತು. ಅಂಥ ಆರೋಪ ಸಾಮಾನ್ಯ ಮನುಷ್ಯನ ಮೇಲೆ ಬಂದಿದ್ದರೆ ಬಂಧಿಸಲು ಮೂರು ತಿಂಗಳು ಕಾಯುತ್ತಿದ್ದರೇ?

ತಪ್ಪನ್ನು ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹೊರದೇಶದ ಒಂದು ಉದಾಹರಣೆ ನೋಡಿ. ಲಂಡನ್ನಿನಲ್ಲಿ 1993ರಲ್ಲಿ ಕರಿಯ ಹುಡುಗ ಸ್ಟೀಫನ್ ಲಾರೆನ್ಸ್‌ನ ಕೊಲೆಯಾದಾಗ ಪೊಲೀಸರು ತನಿಖೆಯನ್ನು ಹಾಳುಮಾಡಿದರು. ಹೆತ್ತವರು ಬಿಡಲಿಲ್ಲ. ಕೊನೆಗೆ ಮ್ಯಾಕ್‌ಫರ್ಸನ್ ವಿಚಾರಣೆ ನಡೆದು 1999ರಲ್ಲಿ ವರದಿ ಬಂತು. ಲಂಡನ್ ಪೊಲೀಸ್ ವ್ಯವಸ್ಥೆಯೊಳಗೇ ಜನಾಂಗಭೇದ ಬೇರುಬಿಟ್ಟಿದೆ ಎಂದು ಅದು ನೇರವಾಗಿ ಬರೆಯಿತು, ಎಪ್ಪತ್ತು ಶಿಫಾರಸು ಮಾಡಿತು. ಮರುವರ್ಷ ಜನಾಂಗ ತಾರತಮ್ಯದ ಕಾನೂನಿನ ವ್ಯಾಪ್ತಿಗೆ ಪೊಲೀಸರನ್ನೂ ತಂದರು. 2012ರಲ್ಲಿ ಇಬ್ಬರು ಕೊಲೆಗಾರರಿಗೆ ಶಿಕ್ಷೆಯಾಯಿತು. ತಡವಾಯಿತು, ನಿಜ. ಆದರೆ ಎಲ್ಲವೂ ಆ ಬರಹದಿಂದ ಮುಂದಕ್ಕೆ ಹೋಯಿತು. ಒಬ್ಬ ಇನ್‌ಸ್ಪೆಕ್ಟರನ್ನು ಬೇರೆ ಠಾಣೆಗೆ ಕಳಿಸಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಇಷ್ಟೆಲ್ಲ ವಿಚಾರಣೆ ಎಂದರೆ ಪೊಲೀಸರ ಸ್ಥೈರ್ಯ ಕುಗ್ಗುತ್ತದೆ ಎನ್ನುವವರಿದ್ದಾರೆ. ಅವರಿಗೆ ನನ್ನ ಪ್ರಶ್ನೆ: ತಪ್ಪಿಲ್ಲದ ಅಧಿಕಾರಿಯೊಬ್ಬ ಜೀವನಪೂರ್ತಿ 'ಆ ಜಾತಿವಾದಿ ಸಾಹೇಬ' ಎನಿಸಿಕೊಂಡೇ ಊರೂರು ಸುತ್ತುವುದರಿಂದ ಸ್ಥೈರ್ಯ ಹೆಚ್ಚುತ್ತದೆಯೇ? ಅಧಿಕಾರಿಯ ಜಾತಿ ಯಾವುದು, ಯಾವ ಶಾಸಕರ ಪತ್ರದಿಂದ ಬಂದರು ಎಂಬುದನ್ನು ಅವರು ಅಧಿಕಾರ ವಹಿಸಿಕೊಳ್ಳುವ ಮೊದಲೇ ಲೆಕ್ಕ ಹಾಕುವ ಊರುಗಳು ನಮ್ಮವು. ಅಂಥಲ್ಲಿ ಸುಳ್ಳು ಆರೋಪವೂ ಸುಲಭ. ಪ್ರಾಮಾಣಿಕ ಅಧಿಕಾರಿಗೆ ರಕ್ಷಣೆ ಇರುವುದು ಆತ ನಿರ್ದೋಷಿ ಎಂದು ಹೇಳುವ ವರದಿಯಲ್ಲಿ ಮಾತ್ರ.

ಆದ್ದರಿಂದ ದಾವಣಗೆರೆ ಜಿಲ್ಲಾಡಳಿತದ ಮುಂದೆ ಇಡುವ ಬೇಡಿಕೆ ಹೊಸ ಕಾನೂನಿಗಾಗಿ ಅಲ್ಲ. ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅದರ ನಡಾವಳಿಯನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕು ಕಚೇರಿಗಳ ಫಲಕಕ್ಕೆ ಹಾಕಿ. 4ನೇ ಕಲಮಿನಡಿ ಎಷ್ಟು ದೂರು ಬಂದವು, ಎಷ್ಟಕ್ಕೆ ಆಡಳಿತಾತ್ಮಕ ವಿಚಾರಣೆ ಮುಗಿಯಿತು ಎಂಬ ಎರಡು ಅಂಕಿ ಅದರಲ್ಲಿರಲಿ. ಪೊಲೀಸರ ವಿರುದ್ಧದ ದೂರಿಗೆ ರಾಜ್ಯ ಮತ್ತು ಜಿಲ್ಲಾ ಮಟ್ಟದ ಪ್ರಾಧಿಕಾರ ಬೇಕೆಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ, ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿಯನ್ನೂ ತಂದಿದೆ. ಆ ಪ್ರಾಧಿಕಾರದ ವಿಳಾಸ ಪ್ರತಿ ಠಾಣೆಯ ಬಾಗಿಲಲ್ಲಿ ದಪ್ಪ ಅಕ್ಷರದಲ್ಲಿ ಇರಲಿ. ಆರೋಪ ಹೊತ್ತ ಅಧಿಕಾರಿಯನ್ನು ವಿಚಾರಣೆ ಮುಗಿಯುವ ತನಕ ಬೇರೆ ತಾಲ್ಲೂಕಿನ ಜನರ ಮೇಲೆ ಅಧಿಕಾರ ನಡೆಸುವ ಹುದ್ದೆಗೆ ಕಳಿಸಬೇಡಿ. 2024ರ ಮೇ 24ರ ರಾತ್ರಿ ಚನ್ನಗಿರಿ ಠಾಣೆಯಲ್ಲಿ ಏನಾಯಿತೆಂಬ ವಿಚಾರಣಾ ವರದಿಯ ಸಾರವನ್ನು, ಅದು ಪೊಲೀಸರ ಪರವಿರಲಿ ವಿರುದ್ಧವಿರಲಿ, ಸತ್ತವನ ಮನೆಯವರಿಗೂ ಗಾಯಗೊಂಡ ಪೊಲೀಸರಿಗೂ ಅದೇ ಠಾಣೆಯಲ್ಲಿ ಕೂರಿಸಿ ಕನ್ನಡದಲ್ಲಿ ಓದಿ ಹೇಳಿ.