ಖಾನಾವಳಿಯ ತಟ್ಟೆಗೂ ಬೆಲೆಯುಂಟು

ಫ್ರಾನ್ಸಿನ ಬಡಾವಣೆಗಳಲ್ಲಿ ‘ಬಿಸ್ಟ್ರೊ’ ಎಂಬ ಚಿಕ್ಕ ಊಟದ ಮನೆಗಳಿವೆ. ಅಂದು ಸಿದ್ಧವಾದ ಕೆಲವೇ ಪದಾರ್ಥಗಳ ಹೆಸರನ್ನು ಹಲಗೆಯ ಮೇಲೆ ಬರೆದು ಬಡಿಸುವುದು ಅಲ್ಲಿಯ ರೂಢಿ. ಫ್ರೆಂಚರ ಸಾಂಪ್ರದಾಯಿಕ ಭೋಜನ ಪದ್ಧತಿಯನ್ನು ಯುನೆಸ್ಕೊ 2010ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಿತ್ಯದ ಊಟವನ್ನು ಗೌರವಿಸುವ ಸಮಾಜದಲ್ಲಿ ಊಟದ ಉದ್ದಿಮೆಯೂ ಗೌರವ ಪಡೆಯುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪಾಲಿಗೆ ಖಾನಾವಳಿಯೇ ಅಂತಹ ಊಟದ ಮನೆ. ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ: ಪಟ್ಟಿ ಚಿಕ್ಕದು, ತೃಪ್ತಿ ದೊಡ್ಡದು. ಸಂತೆಗೆ ಬಂದ ರೈತ, ಕಚೇರಿಯ ನೌಕರ, ದಲಾಲಿ ಅಂಗಡಿಯ ಗುಮಾಸ್ತ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ.

ಗಿರಾಕಿಗೆ ಆಯ್ಕೆ ಬೇಕೆಂಬ ನೆಪದಲ್ಲಿ ಇದೇ ಅಡುಗೆಮನೆಗೆ ನೂಡಲ್ಸ್, ಗೋಬಿ ಮಂಚೂರಿ ತರುವುದು ಜಾಣತನವೆನಿಸದು. ಅವು ಎಲ್ಲ ಊರಿನಲ್ಲಿಯೂ ದೊರೆಯುತ್ತವೆ. ಆಲಮಟ್ಟಿ ಅಣೆಕಟ್ಟು ನೋಡಲು ಅಥವಾ ಬಸವಣ್ಣನವರ ಜನ್ಮಸ್ಥಳ ದರ್ಶಿಸಲು ದೂರದಿಂದ ಬಂದವರು ಬಯಸುವುದು ಈ ಮಣ್ಣಿನ ರುಚಿಯನ್ನೇ. ಅಲ್ಲದೆ, ಖಾನಾವಳಿಯಲ್ಲಿ ಗಿರಾಕಿ ಕೊಡುವ ಹಣದ ಬಹುಪಾಲು ಜೋಳ, ಶೇಂಗಾ, ಕಾಯಿಪಲ್ಯ, ಹೈನುಗಳ ಮೂಲಕ ಸುತ್ತಲಿನ ಹಳ್ಳಿಗಳಿಗೇ ಮರಳಬಲ್ಲದು.

ಈ ಉದ್ದಿಮೆ ನಿಂತಿರುವುದು ರೊಟ್ಟಿ ತಟ್ಟುವ ತಾಯಂದಿರ ಕೈಗಳ ಮೇಲೆ. ಗೋದಿಯಲ್ಲಿರುವ ಜಿಗಟು ಜೋಳದ ಹಿಟ್ಟಿನಲ್ಲಿಲ್ಲ; ಬಿಸಿನೀರಿನಲ್ಲಿ ನಾದಿ, ಹರಿಯದಂತೆ ತೆಳ್ಳಗೆ ತಟ್ಟುವುದು ವರ್ಷಗಟ್ಟಲೆಯ ಅಭ್ಯಾಸದ ಫಲ. ಇಡೀ ದಿನ ಒಲೆಯ ಉರಿಯೆದುರು ಕೂರುವ ಈ ಕೌಶಲಕ್ಕೆ ಸಾಧಾರಣ ಕೂಲಿಯ ಲೆಕ್ಕ ಹಾಕಿದರೆ ಮುಂದಿನ ಪೀಳಿಗೆ ಒಲೆಯತ್ತ ಸುಳಿಯಲಾರದು. ಊಟದ ದರ ಎರಡು ರೂಪಾಯಿ ಏರಿದರೆ ಗೊಣಗುವ ಗಿರಾಕಿಯೂ ಇದನ್ನು ಅರಿಯಬೇಕು.

ಮಾಲೀಕರ ಹೊಣೆಯೂ ಕಡಿಮೆಯದಲ್ಲ. ಶುದ್ಧ ನೀರು, ಹೊಗೆ ಹೊರಹೋಗುವ ಅಡುಗೆಮನೆ, ಆಹಾರ ಸುರಕ್ಷತಾ ನೋಂದಣಿ, ಸ್ಪಷ್ಟವಾಗಿ ಬರೆದ ದರಪಟ್ಟಿ ಇವು ಕನಿಷ್ಠ ಅಗತ್ಯಗಳು. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಊಟದ ಬದಿಗಿಡುವ ಹೋಳಿನ ಹೆಸರನ್ನು ಹಲಗೆಯ ಮೇಲೆ ಬರೆಯಲು ಖರ್ಚೇನೂ ಇಲ್ಲ.

ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಜೋಳಕ್ಕೆ ಎಲ್ಲೆಡೆ ಪ್ರಶಂಸೆ ದೊರೆಯಿತು. ಪ್ರಶಂಸೆಯಿಂದ ಒಲೆ ಉರಿಯದು. ವಾಣಿಜ್ಯ ಸಂಸ್ಥೆಗಳು ಖಾನಾವಳಿಯನ್ನು ಹೊಟ್ಟೆಪಾಡಿನ ಕಸುಬೆಂದು ಬದಿಗಿರಿಸದೆ, ತರಬೇತಿ ಹಾಗೂ ಸಾಲಸೌಲಭ್ಯಕ್ಕೆ ಅರ್ಹವಾದ ಉದ್ದಿಮೆಯೆಂದು ಪರಿಗಣಿಸಲು ಇದು ಸಕಾಲ.