ಹೊಸ ಸೈಕಲ್ಲಿನ ಗ್ಯಾರಂಟಿ ಯಾರ ತಲೆಗೆ?

ಹೈಸ್ಕೂಲು ಸೇರಿದ ಮಗನಿಗೆ ಸೈಕಲ್ ಕೊಡಿಸಿದ ಅಪ್ಪ ತಿಂಗಳೊಳಗೆ ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತುವುದು ಪೇಟೆಗೆ ಹೊಸದೇನಲ್ಲ. ಫ್ರೀವೀಲ್ ಜಾರುತ್ತದೆ, ಪೆಡಲ್ ಕಟಕಟ ಎನ್ನುತ್ತದೆ, ಚಕ್ರ ವಾಲಾಡುತ್ತದೆ. "ಹುಡುಗ ಡಬಲ್ ಹೊಡೆದಿದಾನೆ ಸ್ವಾಮಿ, ಇದಕ್ಕೆಲ್ಲ ಗ್ಯಾರಂಟಿ ಬರಲ್ಲ. ಬೇಕಾದ್ರೆ ಕಂಪನಿಯವರನ್ನ ಕೇಳಿ" ಎಂದುಬಿಟ್ಟರೆ ಅಂಗಡಿಯವರ ಕೆಲಸ ಮುಗಿಯಿತು.

ಅವರ ಮಾತಿನಲ್ಲೂ ಅರ್ಧ ನಿಜ ಉಂಟು. ಕಾರ್ಡಿನಲ್ಲಿ ಸಾಮಾನ್ಯವಾಗಿ ಫ್ರೇಮಿಗೆ ಹೆಚ್ಚು ಕಾಲದ ಗ್ಯಾರಂಟಿ. ಸವೆಯುವ ಬ್ರೇಕ್ ರಬ್ಬರಿಗೆ ಏನೂ ಇರುವುದಿಲ್ಲ. ಆದರೆ ಸೈಕಲ್ ಬರುವುದು ಬಿಡಿಬಿಡಿಯಾಗಿ, ಜೋಡಿಸುವುದು ಅಂಗಡಿಯ ಹುಡುಗ. ಕಡ್ಡಿ ಸಡಿಲ ಬಿಟ್ಟಿದ್ದರೆ ಅದು ಕಂಪನಿಯ ತಪ್ಪೂ ಅಲ್ಲ, ತುಳಿದವನ ತಪ್ಪೂ ಅಲ್ಲ. ಫಿಟಿಂಗ್ ಚಾರ್ಜು ಅಂತ ಬೇರೆ ಎಣಿಸಿಕೊಂಡವರಿಗೆ ಇದು ನೆನಪಿರಬೇಕು.

ಗಿರಾಕಿಯೂ ಸಾಚಾ ಅಲ್ಲ. ನೂರಿನ್ನೂರು ಉಳಿಯುತ್ತೆ ಅಂತ ಬಿಳಿ ಚೀಟಿಗೆ ಒಪ್ಪಿದವನು ಆಮೇಲೆ ಏನು ತೋರಿಸಿ ಕೇಳಬೇಕು? ಫ್ರೇಮ್ ನಂಬರ್ ಬರೆದ ಬಿಲ್ಲು, ಸೀಲು ಬಿದ್ದ ಕಾರ್ಡು ಕೈಯಲ್ಲಿದ್ದರೆ ಮಾತೇ ಬೇರೆ. 1986ರ ಗ್ರಾಹಕ ಕಾಯಿದೆಯ ಜಾಗಕ್ಕೆ ಬಂದ 2019ರ ಕಾಯಿದೆಯಲ್ಲಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಮಾಲಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನು ಮಾಡಿ ನೋಡಬಹುದು.

ಆದರೂ ಒಂದು ಫ್ರೀವೀಲಿಗಾಗಿ ಒಂದು ದಿನದ ಕೂಲಿ ಬಿಟ್ಟು ಆಯೋಗದ ಬಾಗಿಲು ಕಾಯುವವರು ಯಾರು? ಇದು ಗೊತ್ತಿರುವುದರಿಂದಲೇ ಕೆಲವು ಅಂಗಡಿಯವರಿಗೆ ಅಷ್ಟು ಧೈರ್ಯ. ದುಡ್ಡು ಎಣಿಸಿಕೊಂಡವರು ಮೊದಲು ಭಾಗ ಬದಲಿಸಿ ಕೊಡಲಿ. ಕಂಪನಿಯ ಹತ್ತಿರ ಲೆಕ್ಕ ಕೇಳುವ ಕೆಲಸ ಅವರದೇ ಆಗಲಿ.