ಸೌರ ಇನ್ವರ್ಟರಿನ ಕೀಲಿಕೈ ಯಾರಲ್ಲಿ?

ಕೇಂದ್ರ ಸರಕಾರವು 2024ನೆಯ ಇಸವಿಯ ಫೆಬ್ರುವರಿಯಲ್ಲಿ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯನ್ನು ಆರಂಭಿಸಿದಂದಿನಿಂದ, ಮನೆಯ ಮಾಳಿಗೆಯ ಮೇಲೆ ಸೌರ ಫಲಕಗಳನ್ನು ಕೂರಿಸುವ ವಿಚಾರವು ನೌಕರಿವಂತರ ಹಾಗೂ ಸಣ್ಣ ವರ್ತಕರ ಮನೆಯ ಜಮಾಖರ್ಚಿನೊಳಗೆ ಪ್ರವೇಶಿಸಿದೆ. ಒಂದು ಕೋಟಿ ಮನೆಗಳನ್ನು ಮುಟ್ಟುವ ಗುರಿ, 75,021 ಕೋಟಿ ರೂಪಾಯಿಗಳ ವೆಚ್ಚ, ಮೂರು ಕಿಲೋವಾಟಿನ ಅಥವಾ ಅದಕ್ಕೆ ಮೇಲ್ಪಟ್ಟ ಘಟಕವನ್ನು ಹಾಕಿಸಿದ ಗೃಹಸ್ಥನಿಗೆ 78,000 ರೂಪಾಯಿಗಳ ಸಹಾಯಧನ, ಇವೆಲ್ಲ ನಮ್ಮ ವಾಚಕರಿಗೆ ತಿಳಿದ ಸಂಗತಿಗಳೇ. ಬೊಕ್ಕಸದ ಹಣವು ಇಷ್ಟು ದೊಡ್ಡ ಮೊತ್ತದಲ್ಲಿ ಹರಿಯುವಲ್ಲಿ, ಆ ಹಣದಿಂದ ಮನೆಗೆ ಬಂದ ಯಂತ್ರವು ಯಾರ ಆಜ್ಞೆಯನ್ನು ಪಾಲಿಸುವುದೆಂದು ವಿಚಾರಿಸುವುದು ಪತ್ರಿಕೆಗಳ ಕರ್ತವ್ಯವಾಗಿದೆ. ಫಲಕಗಳ ವಿಷಯದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಅವು ಬಿಸಿಲನ್ನು ಕಂಡರೆ ವಿದ್ಯುತ್ತನ್ನು ಕೊಡುವುವು, ಕಾಣದಿದ್ದರೆ ಸುಮ್ಮನಿರುವುವು. ಪ್ರಶ್ನೆ ಏಳುವುದು ಗೋಡೆಗೆ ತೂಗಿರುವ ಇನ್ವರ್ಟರ್ ಎಂಬ ಪೆಟ್ಟಿಗೆಯ ವಿಷಯದಲ್ಲಿ.

ಫಲಕಗಳಿಂದ ಇಳಿದುಬರುವ ಡಿ.ಸಿ. ವಿದ್ಯುತ್ತನ್ನು ಈ ಪೆಟ್ಟಿಗೆಯು ಮನೆಯ ದೀಪಕ್ಕೂ ಪಂಖಕ್ಕೂ ಒಗ್ಗುವ ಎ.ಸಿ. ವಿದ್ಯುತ್ತಾಗಿ ಮಾರ್ಪಡಿಸಿ, ಮಿಕ್ಕುದನ್ನು ಜೆಸ್ಕಾಂ ತಂತಿಗೆ ಸೇರಿಸುತ್ತದೆ. ತಂತಿಯಲ್ಲಿ ವಿದ್ಯುತ್ತು ನಿಂತ ಕ್ಷಣವೇ ತಾನೂ ನಿಲ್ಲುತ್ತದೆ. ನಿಲ್ಲದಿದ್ದರೆ ಕಂಬವೇರಿದ ಲೈನ್‌ಮನ್ನನ ಪ್ರಾಣಕ್ಕೆ ಸಂಚಕಾರ. ಎಷ್ಟು ವೋಲ್ಟಿಗೆ ಕಳಚಿಕೊಳ್ಳಬೇಕು, ಎಷ್ಟು ಸಮಯದ ನಂತರ ಮತ್ತೆ ಕೂಡಿಕೊಳ್ಳಬೇಕು, ಬ್ಯಾಟರಿಯಿದ್ದರೆ ಅದನ್ನು ಎಷ್ಟು ತುಂಬಬೇಕು ಎಂಬ ತೀರ್ಮಾನಗಳೆಲ್ಲ ಅದರೊಳಗೆ ಕಂಪನಿಯವರು ಬರೆದಿಟ್ಟ ಆಜ್ಞಾವಳಿಯಲ್ಲಿವೆ. ಇದನ್ನೇ ಫರ್ಮ್‌ವೇರ್ ಎನ್ನುವರು. ಮನುಷ್ಯರು ಬರೆದುದರಲ್ಲಿ ತಪ್ಪು ಉಳಿಯುವುದು ಸಹಜ. ನಿಯಮಗಳು ಬದಲಾಗುವುದೂ ಸಹಜ. ಆದುದರಿಂದ ಹಳೆಯ ಆಜ್ಞಾವಳಿಯನ್ನು ತೆಗೆದು ಹೊಸದನ್ನು ತುಂಬುವ ಪ್ರಸಂಗವು ಇನ್ವರ್ಟರಿನ ಆಯುಷ್ಯದಲ್ಲಿ ಒಂದಲ್ಲ ಒಂದು ಸಲ ಬಂದೇ ಬರುವುದು.

ಹೀಗೆ ತುಂಬುವುದಕ್ಕೆ ಎರಡು ದಾರಿಗಳಿವೆ. ಪೆಟ್ಟಿಗೆಯ ಕೆಳಗೆ ಸಿಕ್ಕಿಸಿದ ವೈಫೈ ಕಡ್ಡಿ ಅಥವಾ ಸಿಮ್ ಕಾರ್ಡಿನ ಮೂಲಕ ಕಂಪನಿಯು ತನ್ನ ಸರ್ವರಿನಿಂದ ದೂರದಲ್ಲಿದ್ದುಕೊಂಡೇ ತುಂಬುವುದು ಒಂದು. ಮನೆಗೇ ಬಂದು ಲ್ಯಾಪ್‌ಟಾಪನ್ನು ತಂತಿಯಿಂದ ಕೂಡಿಸಿ ತುಂಬುವುದು ಇನ್ನೊಂದು. ಮೊದಲನೆಯದು ಸುಲಭವಾದುದೆಂದು ಎಲ್ಲರೂ ಅದನ್ನೇ ನೆಚ್ಚಿ ಕುಳಿತಿದ್ದಾರೆ. ಎರಡನೆಯದರಲ್ಲಿಯೂ ಮಹಾವಿದ್ಯೆಯೇನಿಲ್ಲ. ಅನೇಕ ಇನ್ವರ್ಟರುಗಳಲ್ಲಿ ಆರ್‌ಎಸ್-485 ಎಂಬ ಕಿಂಡಿಯಿರುವುದು. ಕೆಲವೇ ನೂರು ರೂಪಾಯಿಗಳಿಗೆ ದೊರೆಯುವ ಯುಎಸ್‌ಬಿ ಪರಿವರ್ತಕವೊಂದರಿಂದ ಗಣಕಯಂತ್ರವನ್ನು ಅದಕ್ಕೆ ಜೋಡಿಸಬಹುದು. ತೊಡಕಿರುವುದು ವಿವರಗಳಲ್ಲಿ. ನೋಡಲು ಆ ಕಿಂಡಿಯು ಸಾಮಾನ್ಯ ಇಂಟರ್ನೆಟ್ ಕೇಬಲಿನ ಕಿಂಡಿಯಂತೆಯೇ ಇರಬಹುದು, ಆದರೆ ಒಳಗಿನ ಎಂಟು ತಂತಿಗಳ ಪೈಕಿ ಯಾವುದು ಎ, ಯಾವುದು ಬಿ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಊಹೆಯ ಮೇಲೆ ಜೋಡಿಸಿದರೆ ಯಂತ್ರ ಮಾತನಾಡುವುದಿಲ್ಲ. ದುರದೃಷ್ಟವಿದ್ದರೆ ಕಿಂಡಿಯೇ ಸುಟ್ಟೀತು. ತುಂಬಬೇಕಾದ ಕಡತವು ಅದೇ ಮಾದರಿಯದೇ, ಅದೇ ಆವೃತ್ತಿಯದೇ ಆಗಿರಬೇಕು. ಬ್ಯಾಟರಿಯಿಲ್ಲದ ಎಷ್ಟೋ ಇನ್ವರ್ಟರುಗಳ ಮಿದುಳಿಗೆ ಅನ್ನ ದೊರೆಯುವುದು ಫಲಕಗಳಿಂದಲೇ, ಆದಕಾರಣ ಸಂಜೆ ಕಚೇರಿಯಿಂದ ಬಂದು ಮಾಡೋಣವೆಂದರೆ ಪೆಟ್ಟಿಗೆ ಮಲಗಿರುತ್ತದೆ; ಹೊತ್ತು ನೆತ್ತಿಗೇರಿದಾಗಲೇ ಈ ಕೆಲಸವಾಗಬೇಕು. ನಡುವೆ ಮೋಡ ಕವಿದೋ ಲ್ಯಾಪ್‌ಟಾಪಿನ ಬ್ಯಾಟರಿ ಮುಗಿದೋ ತುಂಬುವುದು ಅರ್ಧಕ್ಕೆ ನಿಂತರೆ ಪೆಟ್ಟಿಗೆಯು ಬರಿಯ ಕಬ್ಬಿಣದ ತುಂಡಾಗುವ ಸಂಭವವುಂಟು. ಮುಗಿದ ಮೇಲೆ ಮೊದಲಿನ ಅಳತೆಗಳು ಅಳಿಸಿಹೋಗಿ ಬೇರೆ ದೇಶದ ಗ್ರಿಡ್ಡಿನ ಅಳತೆಗಳು ಬಂದು ಕೂರುವುದೂ ಉಂಟು. ಅವನ್ನು ಮೊದಲೇ ಬರೆದಿಟ್ಟುಕೊಂಡವನೇ ಜಾಣ.

ಈ ವಿವರಗಳೆಲ್ಲ ಒಂದು ಪುಟದ ಕಾಗದದಲ್ಲಿ ಅಡಗುವಷ್ಟೇ ಇವೆ. ಆ ಒಂದು ಪುಟವನ್ನು ಗೃಹಸ್ಥನ ಕೈಗೆ ಕೊಡುವವರು ಯಾರು? ಮಾರಿದವನು ಕಂಪನಿಯ ಕಡೆಗೆ ಬೆರಳು ತೋರಿಸುವನು. ಕಂಪನಿಯು ತನ್ನ ಅಧಿಕೃತ ಪ್ರತಿನಿಧಿಗಲ್ಲದೆ ಗುಪ್ತಪದವನ್ನು ಹೇಳಲಾಗದೆಂದು ಉತ್ತರಿಸುವುದು. ಬೆಂಗಳೂರಿನಲ್ಲಿಯೋ ಹೈದರಾಬಾದಿನಲ್ಲಿಯೋ ಇರುವವನಿಗೆ ಇದು ಎರಡು ದಿನಗಳ ಕಿರಿಕಿರಿ. ದೇವದುರ್ಗ, ಮಾನ್ವಿಗಳ ಮಾತು ಹಾಗಲ್ಲ. ಎರಡೂ ರಾಯಚೂರಿನಿಂದ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ರಾಯಚೂರಿಗೇ ಪರಸ್ಥಳದಿಂದ ತಂತ್ರಜ್ಞನು ಬರಬೇಕಾದರೆ, ಅಲ್ಲಿಂದ ಮುಂದಿನ ಹಳ್ಳಿಗೆ ಅವನು ಯಾವಾಗ ಮುಟ್ಟುವನೆಂಬುದನ್ನು ವಾಚಕರೇ ಊಹಿಸಲಿ. ಒಂದು ಕಿಲೋವಾಟಿಗೆ ದಿನಕ್ಕೆ ಅಂದಾಜು ನಾಲ್ಕು ಯೂನಿಟ್ ಎಂದು ಹಿಡಿದರೆ, ಮೂರು ಕಿಲೋವಾಟಿನ ಘಟಕವು ಒಂದು ತಿಂಗಳು ಸುಮ್ಮನೆ ನಿಂತರೆ 360 ಯೂನಿಟ್ ಮಣ್ಣುಪಾಲು. ಬ್ಯಾಂಕಿನ ಸಾಲದ ಕಂತು ಮಾತ್ರ ತಿಂಗಳ ತಾರೀಖಿಗೆ ಸರಿಯಾಗಿ ಬರುತ್ತದೆ. (ಗೃಹಜ್ಯೋತಿಯಿಂದ 200 ಯೂನಿಟ್‌ವರೆಗೆ ಪುಕ್ಕಟೆ ದೊರೆಯುವಾಗ ಈ ಗೋಜೇಕೆಂದು ಕೇಳುವವರೂ ನಮ್ಮಲ್ಲಿದ್ದಾರೆ. ಆ ಚರ್ಚೆ ಬೇರೆ, ಅದನ್ನು ಇನ್ನೊಮ್ಮೆ ನೋಡೋಣ.)

ಎಡೆದೊರೆ ನಾಡಿಗೆ ಈ ಬಗೆಯ ಪರಾವಲಂಬನ ಹೊಸದಲ್ಲ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಲ್ಲಿ ಮೊದಲನೆಯ ಘಟಕವು ನಡೆಯತೊಡಗಿ, ಮುಂದೆ ಎಂಟು ಘಟಕಗಳು ಸೇರಿ 1720 ಮೆಗಾವಾಟಿನ ಸ್ಥಾವರವೇ ಆಯಿತು. ಯರಮರಸಿನಲ್ಲಿ 800 ಮೆಗಾವಾಟಿನ ಎರಡು ಘಟಕಗಳು ಎದ್ದವು. ಬೂದಿ ನಮ್ಮ ಹೊಲಗಳಿಗೆ, ಬೆಳಕು ನಾಡಿಗೆಲ್ಲ. ದೀಪದ ಬುಡ ಕತ್ತಲೆಯೆಂಬ ಗಾದೆಗೆ ರಾಯಚೂರಿನವರು ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ. ಮಾಳಿಗೆಯ ಸೌರ ವಿದ್ಯುತ್ತಾದರೂ ಮನೆಯವನ ಸ್ವಂತದ್ದೆಂದು ಜನರು ನಂಬಿದ್ದಾರೆ. ಆ ನಂಬಿಕೆಗೆ ಇನ್ವರ್ಟರಿನ ಒಳಗಿನ ಬರಹವೂ ಆಧಾರವಾಗಬೇಕು.

ಪರದೇಶಗಳಲ್ಲಿ ನಡೆದ ಮೂರು ಸಂಗತಿಗಳನ್ನು ನಮ್ಮ ಅಧಿಕಾರಿಗಳು ಅವಶ್ಯವಾಗಿ ಓದಬೇಕು. ಜರ್ಮನಿಯಲ್ಲಿ ಹಳೆಯ ನಿಯಮದ ಪ್ರಕಾರ ಮಾಳಿಗೆಯ ಘಟಕಗಳೆಲ್ಲ ಗ್ರಿಡ್ಡಿನ ಆವರ್ತನವು 50.2 ಹರ್ಟ್ಸ್ ಮುಟ್ಟಿದೊಡನೆ ಕಳಚಿಕೊಳ್ಳುವಂತೆ ಬರೆಯಲ್ಪಟ್ಟಿದ್ದುವು. ಘಟಕಗಳು ಕೆಲವೇ ಇದ್ದಾಗ ಅದರಿಂದ ಬಾಧೆಯಿರಲಿಲ್ಲ. ಲಕ್ಷಗಟ್ಟಲೆಯಾದ ಮೇಲೆ, ಅವೆಲ್ಲ ಒಂದೇ ಕ್ಷಣದಲ್ಲಿ ಕಳಚಿಕೊಂಡರೆ ದೇಶವೇ ಕತ್ತಲೆಗೆ ಬೀಳುವುದೆಂದು ಕಂಡುಬಂದು, 2012ರಲ್ಲಿ ಶಾಸನಮಾಡಿ, ಮೂರು ಲಕ್ಷಕ್ಕೂ ಮಿಕ್ಕ ಘಟಕಗಳನ್ನು ತಿದ್ದಿಸಬೇಕಾಯಿತು. ತಂತ್ರಜ್ಞರು ಮನೆಮನೆ ಅಲೆದರು, ವರ್ಷಗಳೇ ಹಿಡಿದುವು. ಅದೇ ಬಗೆಯ ತಿದ್ದುಪಡಿಯು 2015ರಲ್ಲಿ ಹವಾಯಿ ದ್ವೀಪಗಳಲ್ಲಿ ಬೇಕಾದಾಗ, ಎನ್‌ಫೇಸ್ ಎಂಬ ಕಂಪನಿಯು ಸುಮಾರು ಎಂಟು ಲಕ್ಷ ಚಿಕ್ಕ ಇನ್ವರ್ಟರುಗಳನ್ನು ತನ್ನ ಕಚೇರಿಯಲ್ಲಿ ಕುಳಿತೇ ಒಂದು ದಿನದಲ್ಲಿ ತಿದ್ದಿತು. ದೂರದಿಂದ ತಿದ್ದುವ ವಿದ್ಯೆಯನ್ನು ನಾವು ಹಳಿಯುತ್ತಿಲ್ಲವೆಂಬುದಕ್ಕೆ ಈ ದೃಷ್ಟಾಂತವನ್ನು ಕೊಟ್ಟಿದ್ದೇವೆ. ಆದರೆ ಒಂದು ದಿನದಲ್ಲಿ ಎಂಟು ಲಕ್ಷ ಪೆಟ್ಟಿಗೆಗಳನ್ನು ತಿದ್ದಬಲ್ಲ ಕೈಯು ಒಂದು ದಿನದಲ್ಲಿ ಅಷ್ಟನ್ನೂ ನಿಲ್ಲಿಸಲೂ ಬಲ್ಲದು. ಇದು ಬರಿಯ ತರ್ಕವಲ್ಲ. 2024ರ ನವೆಂಬರಿನಲ್ಲಿ ಅಮೆರಿಕದ ಕೆಲವು ಮನೆಗಳಲ್ಲಿ ಚೀನದ ಡೆಯೆ ಕಂಪನಿಯ ಇನ್ವರ್ಟರುಗಳು, ಈ ಯಂತ್ರವನ್ನು ಈ ದೇಶದಲ್ಲಿ ಬಳಸಲು ಅನುಮತಿಯಿಲ್ಲವೆಂಬ ಸೂಚನೆಯನ್ನು ಪರದೆಯ ಮೇಲೆ ತೋರಿಸಿ ನಿಂತುಬಿಟ್ಟವು. ವ್ಯಾಪಾರದ ಕರಾರು ಯಾರ ಯಾರ ನಡುವಿನದಾದರೂ ಇರಲಿ, ಹಣ ಕೊಟ್ಟು ಕೊಂಡವನ ಮನೆಯ ಯಂತ್ರವು ಅವನನ್ನು ಕೇಳದೆ ನಿಂತಿತು.

ಚಿಕ್ಕ ದೇಶವಾದ ಲಿಥುವೇನಿಯಾ ಅದೇ ತಿಂಗಳಲ್ಲಿ ಎಚ್ಚತ್ತು, 100 ಕಿಲೋವಾಟಿಗೆ ಮೇಲ್ಪಟ್ಟ ಸೌರ ಹಾಗೂ ಪವನ ಸ್ಥಾವರಗಳ ನಿಯಂತ್ರಣಕ್ಕೆ ಚೀನದ ತಯಾರಕರು ದೂರದಿಂದ ಕೈಚಾಚದಂತೆ ಕಾನೂನು ಮಾಡಿತು. ನಮ್ಮ ಕೇಂದ್ರದ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವೂ 2025ರಲ್ಲಿ, ಸೂರ್ಯ ಘರ್ ಯೋಜನೆಯ ಇನ್ವರ್ಟರುಗಳ ಮಾಹಿತಿಯು ಪರದೇಶದ ಸರ್ವರುಗಳಿಗೆ ಹೋಗುವುದರ ಅಪಾಯವನ್ನು ಗುರುತಿಸಿ, ಅದು ದೇಶದೊಳಗೇ ಇರಬೇಕೆಂಬ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿತು. ಇದು ಸ್ತುತ್ಯವಾದುದೇ. ಆದರೆ ಸರ್ವರು ಪರದೇಶದಿಂದ ಸ್ವದೇಶಕ್ಕೆ ಬಂದ ಮಾತ್ರಕ್ಕೆ ಕೀಲಿಕೈ ದೇವದುರ್ಗಕ್ಕೆ ಬಂದಂತಾಗಲಿಲ್ಲ. ದೆಹಲಿಯ ಯಜಮಾನನು ನಮ್ಮವನೆಂಬುದು ಸಮಾಧಾನದ ಮಾತೇ ಸರಿ. ಮಾನ್ವಿಯ ಗೃಹಸ್ಥನ ಪೆಟ್ಟಿಗೆ ಕೆಟ್ಟಾಗ ಅವನ ಬಾಗಿಲಿಗೆ ಲ್ಯಾಪ್‌ಟಾಪು ಹಿಡಿದು ಬರುವವನು ಯಾರೆಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಕಂಪನಿಯವರ ವಾದವನ್ನೂ ಕೇಳಬೇಕಾದುದು ನ್ಯಾಯ. ಗುಪ್ತಪದವನ್ನು ಎಲ್ಲರಿಗೂ ಹೇಳಿದರೆ ಸಿಕ್ಕ ಸಿಕ್ಕವರು ಅಳತೆಗಳನ್ನು ತಿರುಚಿ ಗ್ರಿಡ್ಡಿಗೂ ಲೈನ್‌ಮನ್ನನಿಗೂ ಅಪಾಯ ತರುವರೆಂದು ಅವರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳಲಾರೆವು. ಮಧ್ಯಾಹ್ನ ಬಳಕೆ ಕಡಿಮೆಯಾಗಿ ಫಲಕಗಳು ಭರದಿಂದ ದುಡಿಯುವಾಗ, ತಂತಿಯ ಕೊನೆಯ ಮನೆಗಳಲ್ಲಿ ವೋಲ್ಟೇಜು ಏರಿ ಇನ್ವರ್ಟರು ತಾನಾಗಿ ಕಳಚಿಕೊಳ್ಳುತ್ತದೆ. ಆಗ ಮನೆಯವನು ಮೇಲಿನ ಮಿತಿಯನ್ನು ಗಣಕಯಂತ್ರದಿಂದ ಏರಿಸಿಬಿಟ್ಟರೆ ತನ್ನ ಘಟಕ ನಡೆದೀತು, ನೆರೆಮನೆಯ ಫ್ರಿಜ್ಜು ಸುಟ್ಟೀತು. ಇಂತಹ ಕಡೆ ಫರ್ಮ್‌ವೇರಿನಲ್ಲಿ ದೋಷವೇ ಇಲ್ಲ. ಟ್ರಾನ್ಸ್‌ಫಾರ್ಮರನ್ನು ಸರಿಪಡಿಸುವುದೋ ತಂತಿಯನ್ನು ದಪ್ಪಗೊಳಿಸುವುದೋ ಜೆಸ್ಕಾಂನ ಕೆಲಸ. ಸಡಿಲವಾದ ಡಿ.ಸಿ. ಜೋಡಣೆ, ಪಡುವಣ ಗೋಡೆಯ ಬಿಸಿಲಿಗೆ ತೂಗಿದ ಪೆಟ್ಟಿಗೆ, ಇವೂ ಹಾಗೆಯೇ. ನಮ್ಮ ವೈಶಾಖದ ಉರಿಯಲ್ಲಿ ಕಾದ ಇನ್ವರ್ಟರು ತನ್ನ ಉತ್ಪನ್ನವನ್ನು ತಾನೇ ತಗ್ಗಿಸಿಕೊಳ್ಳುವುದು. ಹೊಸ ಆಜ್ಞಾವಳಿಯಿಂದ ಅದು ತಣ್ಣಗಾಗದು. ಒಳಗಿನ ಡಿ.ಸಿ. ವಿದ್ಯುತ್ತು ಪ್ರಾಣಾಂತಿಕವಾದುದರಿಂದ ಮುಚ್ಚಳ ತೆರೆಯುವ ಸಾಹಸವನ್ನು ಯಾವ ಗೃಹಸ್ಥನೂ ಮಾಡತಕ್ಕದ್ದಲ್ಲ.

ಆದರೆ ಈ ವಾದದಿಂದ ಸಿದ್ಧವಾಗುವುದು ಕೀಲಿಕೈಯು ತಿಳಿದವರ ಕೈಯಲ್ಲಿರಬೇಕೆಂಬುದು ಮಾತ್ರ. ತಿಳಿದವರು ನೂರಾರು ಕಿಲೋಮೀಟರ್ ದೂರದಲ್ಲಿಯೇ ಇರಬೇಕೆಂಬುದು ಅದರಿಂದ ಸಿದ್ಧವಾಗದು. ಅಳತೆಗಳನ್ನು ಓದುವ ಅಧಿಕಾರ ಬೇರೆ, ಗ್ರಿಡ್ಡಿನ ಮಿತಿಗಳನ್ನು ಬದಲಿಸುವ ಅಧಿಕಾರ ಬೇರೆ. ಮೊದಲನೆಯದನ್ನು ಮನೆಯವನಿಗೆ ಕೊಟ್ಟು, ಎರಡನೆಯದನ್ನು ಪ್ರಮಾಣಪತ್ರವುಳ್ಳ ಸ್ಥಳೀಯ ತಂತ್ರಜ್ಞನಿಗೆ ಕೊಡುವುದರಲ್ಲಿ ಯಾವ ಅಡ್ಡಿಯೂ ನಮಗೆ ತೋರುವುದಿಲ್ಲ. ರಾಯಚೂರಿನಲ್ಲಿ 2019ರಲ್ಲಿ ಸ್ಥಾಪಿತವಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಿದೆ; ಸರಕಾರಿ ಇಂಜಿನಿಯರಿಂಗ್ ಕಾಲೇಜಿದೆ; ಐ.ಟಿ.ಐ. ಓದಿ ಕೆಲಸ ಹುಡುಕುವ ಹುಡುಗರು ಜಿಲ್ಲೆಯ ಎಲ್ಲ ತಾಲೂಕುಗಳಲ್ಲಿಯೂ ಇದ್ದಾರೆ. ಪರಿವರ್ತಕ ತಂತಿಯನ್ನು ಗುರುತಿಸಿ, ಸರಿಯಾದ ಕಡತವನ್ನು ಆರಿಸಿ, ಹಳೆಯ ಅಳತೆಗಳನ್ನು ಬರೆದಿಟ್ಟು ಹೊಸ ಆಜ್ಞಾವಳಿ ತುಂಬುವುದನ್ನು ಕಲಿಸಲು ಅವರಿಗೆ ವರ್ಷಗಳು ಬೇಕಾಗಲಾರವು. ಮೊಬೈಲ್ ಫೋನುಗಳಿಗೆ ಇದೇ ಕೆಲಸವನ್ನು ನಮ್ಮ ಪೇಟೆಯ ಹುಡುಗರು ಯಾರ ಪಾಠವೂ ಇಲ್ಲದೆ ಮಾಡುತ್ತಿಲ್ಲವೇ?

ಸೂರ್ಯ ಘರ್ ಯೋಜನೆಯಲ್ಲಿ ಘಟಕ ಹಾಕಿಸಿದ ವರ್ತಕನು ಐದು ವರ್ಷಗಳ ನಿರ್ವಹಣೆಗೆ ಬದ್ಧನಾಗಿರುತ್ತಾನೆ. ಫಲಕಗಳಿಗೆ ಸಾಮಾನ್ಯವಾಗಿ ಇಪ್ಪತ್ತೈದು ವರ್ಷಗಳ ಭರವಸೆಯಿರುತ್ತದೆ. ಆರನೆಯ ವರ್ಷದಿಂದ ಮುಂದಿನ ಕಾಲವೇ ನಮ್ಮ ಚಿಂತೆ. ಅಷ್ಟರಲ್ಲಿ ವರ್ತಕನು ಅಂಗಡಿ ಮುಚ್ಚಿರಬಹುದು, ಕಂಪನಿಯು ಆ ಮಾದರಿಯನ್ನೇ ಕೈಬಿಟ್ಟಿರಬಹುದು, ಸರ್ವರಿಗೆ ದೀಪವಾರಿಸಿರಬಹುದು. ಈಗ ಬರೆಯಿಸಿಕೊಳ್ಳದ ಕಾಗದವನ್ನು ಆಗ ಯಾರಿಂದ ಬರೆಯಿಸಿಕೊಳ್ಳುವುದು?

ಆದುದರಿಂದ ಸಹಾಯಧನದ ಹಣ ಬಿಡುಗಡೆಯಾಗುವ ಮೊದಲೇ, ಕಿಂಡಿಯ ತಂತಿಗಳ ನಕ್ಷೆ, ಆ ದಿನ ತುಂಬಿರುವ ಆವೃತ್ತಿಯ ಹೆಸರು, ಅಳತೆಗಳ ಪಟ್ಟಿ, ಇವಿಷ್ಟು ಕನ್ನಡದಲ್ಲಿ ಗ್ರಾಹಕನ ಕೈಸೇರಿರುವುವೆಂದು ಜೆಸ್ಕಾಂನ ಪರೀಕ್ಷಕರು ಸಹಿ ಹಾಕತಕ್ಕದ್ದು. ಮೀಟರನ್ನು ಪರೀಕ್ಷಿಸಲು ಹೇಗೂ ಅವರು ಮನೆಗೆ ಬರುವರು; ಇನ್ನೊಂದು ಹಾಳೆಯನ್ನು ನೋಡಲು ಐದು ನಿಮಿಷ ಸಾಕು. ಕಂಪನಿಯು ಸೇವೆ ನಿಲ್ಲಿಸಿದ ಪಕ್ಷದಲ್ಲಿ ಕಡತವೂ ಗುಪ್ತಪದವೂ ಸರಕಾರದ ವಶಕ್ಕೆ ಬರುವಂತೆ ಸಚಿವಾಲಯವು ಮಾದರಿಗಳಿಗೆ ಒಪ್ಪಿಗೆ ಕೊಡುವಾಗಲೇ ಕರಾರು ಮಾಡಿಕೊಳ್ಳಬೇಕು. ಮನೆಯವನಿಗೆ ತಿಳಿಸದೆ ದೂರದಿಂದ ಯಾವ ಹೊಸ ಆಜ್ಞಾವಳಿಯನ್ನೂ ತುಂಬಕೂಡದೆಂಬುದೂ ಆ ಕರಾರಿನಲ್ಲಿಯೇ ಇರಲಿ. ಜಿಲ್ಲಾಡಳಿತದವರು ಈ ವರ್ಷದ ಕೌಶಲ ತರಬೇತಿಯ ಪಟ್ಟಿಯನ್ನು ಸಿದ್ಧಪಡಿಸುವಾಗ ದೇವದುರ್ಗ, ಮಾನ್ವಿಗಳಿಂದ ಹತ್ತು ಹತ್ತು ಹುಡುಗರನ್ನು ಈ ಕೆಲಸಕ್ಕೆ ಆರಿಸಿದರೆ, ಮುಂದಿನ ಬೇಸಿಗೆಯೊಳಗೆ ಈ ಎರಡು ತಾಲೂಕುಗಳ ಮಟ್ಟಿಗಾದರೂ ಬೆಂಗಳೂರಿನ ದಾರಿ ಕಾಯುವುದು ತಪ್ಪುವುದು.